ಪಾಪನಿವೇದನೆ ಮತ್ತು ದೇವರ ಕ್ಷಮೆ

ಪಾಪನಿವೇದನೆ: ಕ್ರೈಸ್ತ ವಿಶ್ವಾಸಿಯು ತಾನು ಮಾಡಿದ ತಪ್ಪನ್ನು ತಪ್ಪೆಂದು ಒಪ್ಪಿ, ಬಾಯಿಬಿಟ್ಟು ಹೇಳಿ, ದೇವರ ಕ್ಷಮೆಯನ್ನು ಬೇಡಿ ಪಡೆಯುವ ಆಚರಣೆ. ಕಥೋಲಿಕರು ಮತ್ತು ಪೂರ್ವದೇಶದ ಪ್ರಾಚೀನ ಸಭೆಗಳವರು ಇದನ್ನು ಸಂಸ್ಕಾರಗಳಲ್ಲಿ ಒಂದೆಂದು ಎಣಿಸುತ್ತಾರೆ. ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಸಂಸ್ಕಾರವೆನ್ನುವುದಿಲ್ಲ. ಭಾನುವಾರದ ಆರಾಧನೆಯ ಒಂದು ಭಾಗವಾಗಿ, ಮನೆಯ ಪ್ರಾರ್ಥನೆಯಾಗಿ ಉಳಿಸಿಕೊಂಡಿದ್ದಾರೆ. ಕರ್ನಾಟಕದ ಕಥೋಲಿಕರು ಪಾಪನಿವೇದನೆ, ಪಾಪಸಂಕೀರ್ತನೆ ಎನ್ನುತ್ತಾರೆ; ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಪಾಪದ ಅರಿಕೆ ಎಂಬ ಮಾತು ರೂಢಿ. ಮಂಗಳೂರಿನ ಕೊಂಕಣಿ ಮನೆಗಳಲ್ಲಿ ಇದು ಕುಮ್ಸಾರ್.

ಯಾರ ಮುಂದೆ ಹೇಳಬೇಕು, ಎಷ್ಟು ಸಲ, ಎಷ್ಟು ವಿವರವಾಗಿ, ಹೇಳಿದ ಮೇಲೆ ಏನು ಪ್ರಾಯಶ್ಚಿತ್ತ ಎಂಬುದಕ್ಕೆಲ್ಲ ಸಭೆಗಳು ಎರಡು ಸಾವಿರ ವರ್ಷ ನಿಯಮಗಳನ್ನು ಮಾಡುತ್ತ, ಮುರಿಯುತ್ತ ಬಂದಿವೆ. ಹೇಳುವುದಕ್ಕೆ ವ್ಯವಸ್ಥೆ ಮಾಡುವುದು ಹೋಲಿಕೆಯಲ್ಲಿ ಸುಲಭ. ಕ್ಷಮೆ ಸಿಕ್ಕಿತೆಂದು ಹೇಳಿಕೊಂಡವನಿಗೆ ಹೇಗೆ ಗೊತ್ತಾಗಬೇಕು ಎಂಬುದೇ ಕಷ್ಟದ ಪ್ರಶ್ನೆ. ಪಶ್ಚಿಮದ ಕ್ರೈಸ್ತ ಲೋಕ 16ನೆಯ ಶತಮಾನದಲ್ಲಿ ಎರಡಾಗಿ ಒಡೆದದ್ದರಲ್ಲಿ ಈ ಪ್ರಶ್ನೆಯ ಪಾಲು ದೊಡ್ಡದು.

ಬೈಬಲಿನ ನೆಲೆ

ಇಸ್ರಾಯೇಲರ ಧರ್ಮಶಾಸ್ತ್ರದಲ್ಲಿ ಪಾಪದ ಒಪ್ಪಿಗೆಯೂ ಬಲಿಯೂ ಜೊತೆಜೊತೆಗೆ ಬರುತ್ತವೆ. ಯಾಜಕಕಾಂಡದ 5ನೆಯ ಅಧ್ಯಾಯದ ಪ್ರಕಾರ ದೋಷಿಯು ತಾನು ಮಾಡಿದ್ದೇನೆಂದು ಹೇಳಿ ಬಲಿಯನ್ನು ತರಬೇಕು. 16ನೆಯ ಅಧ್ಯಾಯದಲ್ಲಿ, ವರ್ಷಕ್ಕೊಮ್ಮೆ ಬರುವ ದೋಷಪರಿಹಾರಕ ದಿನದಂದು, ಮಹಾಯಾಜಕನು ಹೋತದ ತಲೆಯ ಮೇಲೆ ಎರಡೂ ಕೈಯಿಟ್ಟು ಇಡೀ ಜನಾಂಗದ ಪಾಪಗಳನ್ನು ಹೇಳಿ ಅದನ್ನು ಮರಳುಗಾಡಿಗೆ ಅಟ್ಟಿಸುತ್ತಾನೆ.

ಒಬ್ಬ ವ್ಯಕ್ತಿಯ ಒಪ್ಪಿಗೆಗೆ ಮಾದರಿಯೆಂದು ಎಲ್ಲ ಸಭೆಗಳೂ ತೋರಿಸುವುದು ದಾವೀದನನ್ನು. ಆತ ಬತ್ಷೆಬೆಯನ್ನು ಕರೆಸಿಕೊಂಡು, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸಿದ. ನಾತಾನ್ ಪ್ರವಾದಿ ನೇರವಾಗಿ ದೂರದೆ ಬಡವನೊಬ್ಬನ ಒಂದೇ ಕುರಿಮರಿಯ ಕತೆ ಹೇಳಿದ; ರಾಜನ ಬಾಯಿಂದಲೇ ತೀರ್ಪು ಹೊರಡಿಸಿ, ಆ ತೀರ್ಪು ರಾಜನಿಗೇ ಅನ್ವಯಿಸುತ್ತದೆಂದು ತೋರಿಸಿದ. ದಾವೀದ ಒಪ್ಪಿಕೊಂಡದ್ದು ಒಂದೇ ಮಾತಿನಲ್ಲಿ, ನಾತಾನ್ ಕ್ಷಮೆಯನ್ನು ಸಾರಿದ್ದೂ ಮರುಮಾತಿನಲ್ಲಿ. ಆದರೆ ಆ ಸಂಬಂಧದಲ್ಲಿ ಹುಟ್ಟಿದ ಮಗು ಬದುಕಲಿಲ್ಲ. ಪಾಪಕ್ಕೆ ಕ್ಷಮೆ ಸಿಕ್ಕರೂ ಅದರ ದಂಡದಲ್ಲಿ ಒಂದಂಶ ಉಳಿಯುತ್ತದೆ ಎಂದು ಮಧ್ಯಯುಗದ ಪಂಡಿತರು ವಾದಿಸಿದಾಗ ಈ ಪ್ರಸಂಗವೇ ಅವರ ಕೈಗೆ ಸಿಕ್ಕ ಆಧಾರ. ಸಂಪ್ರದಾಯವು 51ನೆಯ ಕೀರ್ತನೆಯನ್ನು ದಾವೀದನ ಈ ಪಶ್ಚಾತ್ತಾಪದೊಂದಿಗೆ ಕೂಡಿಸಿದೆ; 6, 32, 38, 51, 102, 130, 143ನೆಯ ಕೀರ್ತನೆಗಳನ್ನು ಪಶ್ಚಿಮದ ಸಭೆ ಪಶ್ಚಾತ್ತಾಪದ ಏಳು ಕೀರ್ತನೆಗಳೆಂದು ಕರೆದು ತಪಸ್ಸುಕಾಲದಲ್ಲಿ ಹಾಡುತ್ತ ಬಂದಿದೆ.

ಹೊಸ ಒಡಂಬಡಿಕೆಯಲ್ಲಿ ಸ್ನಾನಿಕ ಯೋಹಾನನ ಬಳಿಗೆ ಬಂದವರು ಪಾಪಗಳನ್ನು ಹೇಳಿಕೊಂಡು ಯೊರ್ದಾನ್ ಹೊಳೆಯಲ್ಲಿ ಮುಳುಗೇಳುತ್ತಾರೆ. ಯೇಸು ಕಲಿಸಿದ ಪ್ರಾರ್ಥನೆ ದೇವರ ಕ್ಷಮೆಯನ್ನೂ ನಾವು ನೆರೆಯವರಿಗೆ ಕೊಡುವ ಕ್ಷಮೆಯನ್ನೂ ಬಿಡಿಸಲಾಗದಂತೆ ಹೆಣೆಯುತ್ತದೆ. ಹತ್ತು ಸಾವಿರ ತಲಾಂತು ಸಾಲ ಬಿಡಿಸಿಕೊಂಡ ಆಳು ತನ್ನ ಜೊತೆಯವನ ನೂರು ದಿನಾರಿಗಾಗಿ ಕುತ್ತಿಗೆ ಹಿಡಿಯುವ ಸಾಮತಿ ಮತ್ತಾಯನ 18ನೆಯ ಅಧ್ಯಾಯದಲ್ಲಿದೆ. ಸುಂಕದ ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆನ್ನುತ್ತಾನೆ. ಕದ್ದದ್ದನ್ನು ಇಟ್ಟುಕೊಂಡು ಕ್ಷಮೆ ಕೇಳಲಾಗದು ಎಂಬ ನಿಯಮಕ್ಕೆ ಅವನೇ ಸಾಕ್ಷಿ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಲೂಕನ 15ನೆಯ ಅಧ್ಯಾಯದ ಕಿರಿಮಗನ ಕತೆ. ಆಸ್ತಿ ಹಾಳುಮಾಡಿ ಹಂದಿ ಕಾಯುತ್ತಿದ್ದವನು ತಂದೆಗೆ ಏನು ಹೇಳಬೇಕೆಂದು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡು ಹೊರಡುತ್ತಾನೆ. ಕೂಲಿಯಾಳಾಗಿಯಾದರೂ ಇಟ್ಟುಕೋ ಎಂಬುದು ಅದರ ಕೊನೆಯ ಮಾತು. ಆ ಮಾತು ಅವನ ಬಾಯಿಂದ ಹೊರಡುವುದೇ ಇಲ್ಲ. ತಂದೆ ದೂರದಲ್ಲೇ ಕಂಡು, ಓಡಿಬಂದು, ತಬ್ಬಿಕೊಂಡಾಗಿದೆ. ಮಗನ ಅರಿಕೆ ಅರ್ಧದಲ್ಲಿರುವಾಗಲೇ ನಿಲುವಂಗಿಗೂ ಉಂಗುರಕ್ಕೂ ಆಳುಗಳಿಗೆ ಅಪ್ಪಣೆಯಾಗಿದೆ. ಪಾಪವನ್ನು ಪೂರ್ತಿ ಹೇಳಿ ಮುಗಿಸಿದ ಮೇಲೆ ಕ್ಷಮೆಯೋ, ಕ್ಷಮೆ ಮೊದಲೇ ಎದುರುಗೊಂಡದ್ದರಿಂದ ಹೇಳುವ ಧೈರ್ಯವೋ? ಮುಂದಿನ ವಾದಗಳೆಲ್ಲ ಈ ಕತೆಯೊಳಗೆ ಮಡಚಿಕೊಂಡಿವೆ.

ಗುರುವಿನ (ಪಾದ್ರಿಯ) ಮುಂದೆ ಹೇಳುವ ಪದ್ಧತಿಗೆ ಆಧಾರವಾಗಿ ಕಥೋಲಿಕರು ಯೋಹಾನನ 20ನೆಯ ಅಧ್ಯಾಯವನ್ನು ತೋರಿಸುತ್ತಾರೆ. ಪುನರುತ್ಥಾನದ ದಿನ ಸಂಜೆ ಯೇಸು ಶಿಷ್ಯರ ಮೇಲೆ ಉಸಿರೂದಿ ಪಾಪಗಳನ್ನು ಕ್ಷಮಿಸುವ, ಕ್ಷಮಿಸದೆ ಉಳಿಸುವ ಅಧಿಕಾರ ಕೊಟ್ಟದ್ದು ಅಲ್ಲಿದೆ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವಾದರೋ ಒಬ್ಬರಿಗೊಬ್ಬರು ಹೇಳಿಕೊಳ್ಳಿ ಎನ್ನುತ್ತದೆ, ಗುರುವಿನ ಹೆಸರೆತ್ತದೆ. ಪ್ರಾಟೆಸ್ಟಂಟರು ಅದನ್ನು ಎತ್ತಿಹಿಡಿಯುತ್ತಾರೆ. ದೇವರಿಗೆ ಒಪ್ಪಿಕೊಂಡವರಿಗೆ ಕ್ಷಮೆಯ ವಾಗ್ದಾನ ಮಾಡುವ ಯೋಹಾನನ ಮೊದಲನೆಯ ಪತ್ರಿಕೆಯನ್ನು ಇಬ್ಬರೂ ಓದುತ್ತಾರೆ.

ಒಂದೇ ಸಲದ ಪ್ರಾಯಶ್ಚಿತ್ತ

ದೀಕ್ಷಾಸ್ನಾನದಲ್ಲಿ ಹಿಂದಿನ ಪಾಪಗಳೆಲ್ಲ ತೊಳೆದುಹೋಗುತ್ತವೆ ಎಂಬುದರಲ್ಲಿ ಆದಿಸಭೆಗೆ ಅನುಮಾನವಿರಲಿಲ್ಲ. ಸ್ನಾನದ ನಂತರ ಕೊಲೆ, ವ್ಯಭಿಚಾರ, ಧರ್ಮತ್ಯಾಗದಂಥ ದೊಡ್ಡ ಪಾಪ ಮಾಡಿದವರನ್ನು ಏನು ಮಾಡಬೇಕೆಂಬುದು ತೊಡಕಾಯಿತು. 2ನೆಯ ಶತಮಾನದಲ್ಲಿ ರೋಮಿನಲ್ಲಿ ರಚಿತವಾದ ಹರ್ಮಾಸನ ಕುರುಬ ಎಂಬ ಗ್ರಂಥ ಇನ್ನೊಂದು ಅವಕಾಶವುಂಟು, ಆದರೆ ಒಂದೇ ಎಂದಿತು. ಆಫ್ರಿಕದ ಕಾರ್ಥೇಜಿನ ತೆರ್ತುಲ್ಲಿಯನ್ 203ರ ಸುಮಾರಿಗೆ ಬರೆದ ಪುಸ್ತಕದಲ್ಲಿ ಪಶ್ಚಾತ್ತಾಪಿಯ ಚಿತ್ರವಿದೆ: ಗೋಣಿಬಟ್ಟೆ, ಬೂದಿ, ಸಪ್ಪೆ ಊಟ, ಹಿರಿಯರ ಕಾಲಿಗೆ ಬಿದ್ದು ಅಳು. ಇದೇ ತೆರ್ತುಲ್ಲಿಯನ್ ಮುಂದೆ ಕಠೋರಪಂಥಿ ಮೊಂಟಾನಿಸ್ಟರ ಜೊತೆ ಸೇರಿ, ದೊಡ್ಡ ಪಾಪಗಳನ್ನು ಕ್ಷಮಿಸುವ ಹಕ್ಕು ಬಿಷಪ್ಪರಿಗಿಲ್ಲವೆಂದು ವಾದಿಸಿದ.

250ರಲ್ಲಿ ಚಕ್ರವರ್ತಿ ದೇಕಿಯಸ್ ಪ್ರಜೆಗಳೆಲ್ಲ ರೋಮಿನ ದೇವತೆಗಳಿಗೆ ಬಲಿ ಕೊಟ್ಟು ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದಾಗ ಈ ವಾದ ಬೀದಿಗೆ ಬಂತು. ಅಂಥ ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಎಷ್ಟೋ ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಬಲಿ ಕೊಡದೆ ಲಂಚ ಕೊಟ್ಟು ಪತ್ರ ಕೊಂಡರು. ಕಿರುಕುಳ ತಣ್ಣಗಾದ ಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಬಂದು ನಿಂತರು. ಸೆರೆಯಲ್ಲಿ ಹಿಂಸೆ ತಾಳಿಕೊಂಡು ಬಂದವರು ತಾವೇ ಕ್ಷಮಾಪತ್ರ ಬರೆದು ಹಂಚತೊಡಗಿದರು. ರೋಮಿನ ನೊವೇಷಿಯನ್, ಹೀಗೆ ಬಿದ್ದವರಿಗೆ ಸಭೆಯಲ್ಲಿ ಜಾಗವೇ ಇಲ್ಲವೆಂದು ಬೇರೆ ಸಭೆ ಕಟ್ಟಿದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಈ ಎರಡು ಕಡೆಗಳ ನಡುವೆ ನಿಂತ. ಆತನ ಮುಂದಾಳುತನದಲ್ಲಿ 251ರಲ್ಲಿ ಸೇರಿದ ಪರಿಷತ್ತು, ಪತ್ರ ಮಾತ್ರ ಕೊಂಡವರಿಗೂ ನಿಜವಾಗಿ ಬಲಿ ಕೊಟ್ಟವರಿಗೂ ಭೇದ ಮಾಡಿ, ಒಬ್ಬೊಬ್ಬರ ವಿಷಯವನ್ನು ಬೇರೆಬೇರೆಯಾಗಿ ವಿಚಾರಿಸಬೇಕೆಂದಿತು. ತಪ್ಪಿನ ತೂಕ ನೋಡಿ ಪ್ರಾಯಶ್ಚಿತ್ತ ವಿಧಿಸುವ ಪದ್ಧತಿ ಗಟ್ಟಿಯಾದದ್ದು ಇಲ್ಲಿ. ಸಿಪ್ರಿಯನ್ ಸ್ವತಃ ಆ ಕಿರುಕುಳದ ಕಾಲದಲ್ಲಿ ತಲೆಮರೆಸಿಕೊಂಡಿದ್ದವನು. ಅದನ್ನು ಎತ್ತಿ ಆಡಿದವರೂ ಇದ್ದರು. 258ರಲ್ಲಿ ಆತ ಓಡಲಿಲ್ಲ, ತಲೆಯೊಪ್ಪಿಸಿದ.

4ನೆಯ ಶತಮಾನದ ಹೊತ್ತಿಗೆ ಪೂರ್ವದಲ್ಲಿ ಪಶ್ಚಾತ್ತಾಪಿಗಳಿಗೆ ನಾಲ್ಕು ಮೆಟ್ಟಿಲುಗಳಾದವು: ಬಾಗಿಲ ಹೊರಗೆ ಅಳುವವರು, ಒಳಗೆ ಬಂದು ವಾಕ್ಯ ಕೇಳಿ ಹೊರಡುವವರು, ಮೊಣಕಾಲೂರುವವರು, ಎಲ್ಲರ ಜೊತೆ ನಿಂತರೂ ಯೇಸುವಿನ ಭೋಜನದ ನೆನಪಿನ ಪರಮಪ್ರಸಾದ ಸಿಗದವರು. ಕಪ್ಪದೋಕಿಯದ ಸಂತ ಬಸಿಲ್ ಉದ್ದೇಶಪೂರ್ವಕ ಕೊಲೆಗೆ 20 ವರ್ಷ ವಿಧಿಸಿದ. ಅಳುವುದು 4, ಕೇಳುವುದು 5, ಮೊಣಕಾಲು 7, ನಿಲ್ಲುವುದು 4. ದೊರೆಗಳಿಗೂ ವಿನಾಯಿತಿಯಿರಲಿಲ್ಲವೆಂದು ತೋರಿಸಲು ಎಲ್ಲರೂ ಹೇಳುವ ಕತೆ 390ರದು. ಥೆಸಲೊನೀಕದಲ್ಲಿ ಜನರ ಕಗ್ಗೊಲೆ ಮಾಡಿಸಿದ ಚಕ್ರವರ್ತಿ ಥಿಯೊಡೋಸಿಯಸನಿಗೆ ಮಿಲಾನಿನ ಬಿಷಪ್ ಅಂಬ್ರೋಸ್ ಪ್ರಸಾದ ನಿರಾಕರಿಸಿದ. ಚಕ್ರವರ್ತಿ ಬಹಿರಂಗವಾಗಿ ಪ್ರಾಯಶ್ಚಿತ್ತಕ್ಕೆ ತಲೆಬಾಗಿದ ಮೇಲೆಯೇ ಆತನನ್ನು ಒಳಸೇರಿಸಿಕೊಂಡದ್ದು.

ಈ ವ್ಯವಸ್ಥೆ ತನ್ನ ಭಾರದಿಂದಲೇ ಕುಸಿಯಿತು. ಪ್ರಾಯಶ್ಚಿತ್ತ ಜೀವನದಲ್ಲಿ ಒಂದೇ ಸಲ. ಪಶ್ಚಿಮದಲ್ಲಿ ಅದಾದ ಮೇಲೂ ಮದುವೆ, ಸೈನ್ಯದ ಕೆಲಸ ಮೊದಲಾದವುಗಳಿಗೆ ಅಡ್ಡಿ. ಹಾಗಾಗಿ ಜನ ಅದನ್ನು ಸಾವಿನ ಹಾಸಿಗೆಯವರೆಗೆ ಮುಂದೂಡಿದರು. ಕ್ಷಮೆ ಅಷ್ಟು ದುಬಾರಿಯಾದಾಗ ಕೊಳ್ಳುವವರೇ ಇಲ್ಲವಾದದ್ದರಲ್ಲಿ ಆಶ್ಚರ್ಯವಿಲ್ಲ. 459ರಲ್ಲಿ ಪೋಪ್ ಮಹಾ ಲಿಯೋ, ಪಶ್ಚಾತ್ತಾಪಿಗಳ ಪಾಪಗಳನ್ನು ಬರೆದು ಸಭೆಯಲ್ಲಿ ಓದುವುದನ್ನು ನಿಷೇಧಿಸಿ, ಗುರುವಿಗೆ ಗುಟ್ಟಾಗಿ ಹೇಳಿದರೆ ಸಾಕೆಂದು ಪತ್ರ ಬರೆದ.

ಐರ್ಲೆಂಡಿನ ಸನ್ಯಾಸಿಗಳ ದಾರಿ

ಇಂದು ನಾವು ಕಾಣುವ ಖಾಸಗಿ, ಮರುಕಳಿಸುವ ಪಾಪನಿವೇದನೆ ರೋಮಿನಲ್ಲಿ ಹುಟ್ಟಿದ್ದಲ್ಲ. ನಗರಗಳಿಲ್ಲದ, ಮಠಗಳೇ ಕೇಂದ್ರವಾಗಿದ್ದ ಐರ್ಲೆಂಡಿನಲ್ಲಿ ಪ್ರತಿಯೊಬ್ಬ ಸನ್ಯಾಸಿಗೂ ಮನದ ಮಾತು ಕೇಳುವ ಆತ್ಮಸಖನೊಬ್ಬ ಇರುತ್ತಿದ್ದ. ಅದೇ ಪದ್ಧತಿ ಮಠದ ಸುತ್ತಲಿನ ರೈತರಿಗೂ ಹಬ್ಬಿತು. ಎಷ್ಟು ಸಲ ಬಿದ್ದರೂ ಅಷ್ಟು ಸಲ ಬಂದು ಹೇಳಬಹುದು. ಯಾವ ಪಾಪಕ್ಕೆ ಎಷ್ಟು ದಿನ ಬರಿಯ ರೊಟ್ಟಿ-ನೀರು, ಎಷ್ಟು ಕೀರ್ತನೆ ಎಂದು ದರಪಟ್ಟಿಯಂಥ ಕೈಪಿಡಿಗಳು ತಯಾರಾದವು. ಫಿನ್ನಿಯನ್, ಕೊಲಂಬಾನಸ್, ಕುಮ್ಮಿಯನ್ ಅವರ ಹೆಸರಿನ ಕೈಪಿಡಿಗಳು 6 ಮತ್ತು 7ನೆಯ ಶತಮಾನಗಳವು. ಒಂದೇ ತಪ್ಪಿಗೆ ಗುರುವಿಗೆ ಹೆಚ್ಚು, ಗೃಹಸ್ಥನಿಗೆ ಕಡಿಮೆ ಶಿಕ್ಷೆ. ಕೋಪಕ್ಕೆ ಸೌಮ್ಯತೆ, ಹೊಟ್ಟೆಬಾಕತನಕ್ಕೆ ಉಪವಾಸ ಹೀಗೆ ರೋಗಕ್ಕೆ ಎದುರಾದ ಮದ್ದು ಎಂಬುದು ಇವುಗಳ ತತ್ತ್ವ.

6ನೆಯ ಶತಮಾನದ ಕೊನೆಯಲ್ಲಿ ಕೊಲಂಬಾನಸ್ ಸಮುದ್ರ ದಾಟಿ ಈ ಪದ್ಧತಿಯನ್ನು ಫ್ರಾನ್ಸಿಗೆ ಒಯ್ದ. ಅದೇ ಕಾಲದಲ್ಲಿ, 589ರಲ್ಲಿ, ಸ್ಪೇನಿನ ತೊಲೆದೊ ಪರಿಷತ್ತು ಬೇಕೆಂದಾಗಲೆಲ್ಲ ಬಂದು ಕ್ಷಮೆ ಕೇಳುವ ಈ ಹೊಸ ರೂಢಿಯನ್ನು ಖಂಡಿಸಿತ್ತು. 829ರ ಪ್ಯಾರಿಸ್ ಪರಿಷತ್ತು ಕೈಪಿಡಿಗಳನ್ನು ಹುಡುಕಿ ಸುಡಬೇಕೆಂದಿತು. ಯಾವುದೂ ನಡೆಯಲಿಲ್ಲ, ಜನರಿಗೆ ಬೇಕಾದದ್ದು ಇದೇ ಆಗಿತ್ತು. ಕೆಡುಕೂ ಜೊತೆಗೇ ಬಂತು. ದೀರ್ಘ ಉಪವಾಸದ ಬದಲಿಗೆ ಹಣ, ತನ್ನ ಬದಲಿಗೆ ಇನ್ನೊಬ್ಬನಿಂದ ಉಪವಾಸ ಎಂಬ ಲೆಕ್ಕಾಚಾರಗಳು ಕೈಪಿಡಿಗಳ ಒಳಗಿನಿಂದಲೇ ಹುಟ್ಟಿದವು.

ವರ್ಷಕ್ಕೊಮ್ಮೆ ಕಡ್ಡಾಯ

1215ರಲ್ಲಿ ಪೋಪ್ 3ನೆಯ ಇನ್ನೊಸೆಂಟ್ ಕರೆದ ನಾಲ್ಕನೆಯ ಲ್ಯಾಟೆರನ್ ಪರಿಷತ್ತು ತನ್ನ 21ನೆಯ ವಿಧಿಯಲ್ಲಿ, ತಿಳಿವಳಿಕೆಯ ವಯಸ್ಸಿಗೆ ಬಂದ ಪ್ರತಿ ಗಂಡಸೂ ಹೆಂಗಸೂ ವರ್ಷಕ್ಕೊಮ್ಮೆಯಾದರೂ ತಮ್ಮ ಧರ್ಮಕೇಂದ್ರದ ಗುರುವಿಗೆ ಪಾಪಗಳನ್ನು ಹೇಳಿ, ಪಾಸ್ಖ ಹಬ್ಬದಲ್ಲಿ ಪರಮಪ್ರಸಾದ ಸ್ವೀಕರಿಸಬೇಕೆಂದು ಕಟ್ಟಳೆ ಮಾಡಿತು. ತಪ್ಪಿದವನಿಗೆ ಬದುಕಿರುವಾಗ ಗುಡಿಯ ಪ್ರವೇಶವಿಲ್ಲ, ಸತ್ತಮೇಲೆ ಕ್ರೈಸ್ತ ಸಮಾಧಿಯಿಲ್ಲ. ಅದೇ ವಿಧಿ ಗುರುವಿನ ಬಾಯಿಗೂ ಮುದ್ರೆಯೊತ್ತಿತು: ಕೇಳಿದ್ದನ್ನು ಹೊರಗೆಡವಿದವನು ಪದವಿ ಕಳೆದುಕೊಂಡು ಜೀವಮಾನವಿಡೀ ಮಠದಲ್ಲಿ ಪ್ರಾಯಶ್ಚಿತ್ತ ಮಾಡಬೇಕು. ಯುರೋಪಿನ ಪ್ರತಿಯೊಬ್ಬ ಒಕ್ಕಲಿಗನೂ ವರ್ಷಕ್ಕೊಮ್ಮೆ ತನ್ನ ಅಂತರಂಗವನ್ನು ಮಾತಿನಲ್ಲಿ ಜೋಡಿಸಬೇಕಾಗಿ ಬಂದದ್ದು ಇದರಿಂದ. ಪಶ್ಚಿಮದ ಮನುಷ್ಯ ತನ್ನ ಬಗ್ಗೆ ತಾನು ಸತ್ಯ ಹೇಳುವ ಅಭ್ಯಾಸ ಕಲಿತದ್ದೂ ಅಧಿಕಾರಕ್ಕೆ ಒಳಗಾದದ್ದೂ ಇಲ್ಲಿಯೇ ಎಂದು ಮಿಶೆಲ್ ಫೂಕೊ 1976ರಲ್ಲಿ ವಾದಿಸಿದ. ವಾದದಲ್ಲಿ ಹುರುಳಿದೆ, ಆದರೆ ಕ್ಷಮೆ ಪಡೆದು ಹಗುರಾಗಿ ಮನೆಗೆ ಹೋದವರು ಅದರಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಪಶ್ಚಾತ್ತಾಪ, ನಿವೇದನೆ, ಪರಿಹಾರ ಎಂಬ ಮೂರು ಅಂಗಗಳನ್ನೂ ಗುರುವಿನ ವಿಮೋಚನೆಯ ಮಾತನ್ನೂ ಪಂಡಿತರು ಈ ಕಾಲದಲ್ಲಿ ಸ್ಪಷ್ಟಗೊಳಿಸಿದರು. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ದುಃಖ ಪೂರ್ಣ ಪಶ್ಚಾತ್ತಾಪ, ನರಕದ ಭಯದಿಂದ ಹುಟ್ಟಿದ್ದು ಅಪೂರ್ಣ. ಎರಡನೆಯದು ಸಾಕೇ ಎಂಬುದರ ಬಗ್ಗೆ ಶತಮಾನಗಟ್ಟಲೆ ಜಗಳವಾಯಿತು. ಸಂಸ್ಕಾರದ ಜೊತೆ ಸೇರಿದಾಗ ಅಪೂರ್ಣವೂ ಸಾಕೆಂದು ಕಥೋಲಿಕ ಬೋಧನೆ ನಿಂತಿತು.

ಕ್ಷಮೆ ಸಿಕ್ಕ ಪಾಪಕ್ಕೂ ಲೌಕಿಕ ದಂಡ ಉಳಿಯುತ್ತದೆ, ಅದನ್ನು ಧರ್ಮಸಭೆ ತನ್ನ ಪುಣ್ಯಭಂಡಾರದಿಂದ ಕಳೆಯಬಲ್ಲದು ಎಂಬ ತತ್ತ್ವದಿಂದ ದಂಡವಿಮೋಚನೆಯ ಪತ್ರಗಳು ಬಂದವು. 1517ರಲ್ಲಿ ಡೊಮಿನಿಕನ್ ಸನ್ಯಾಸಿ ಟೆಟ್ಜೆಲ್ ಜರ್ಮನಿಯಲ್ಲಿ ಅವನ್ನು ಮಾರುತ್ತಿದ್ದ. ಆ ಹಣದ ಒಂದು ಪಾಲು ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೆ.

ಲೂಥರನ ಸಂಕಟ

ಮಾರ್ಟಿನ್ ಲೂಥರ್ ಈ ಮಾರಾಟವನ್ನು ಪ್ರಶ್ನಿಸಿ 1517ರ ಅಕ್ಟೋಬರ್ 31ರಂದು ಹೊರಡಿಸಿದ 95 ವಾದಗಳಲ್ಲಿ ಮೊದಲನೆಯದು, ಕ್ರೈಸ್ತನ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕೆಂದು ಕ್ರಿಸ್ತ ಬಯಸಿದ ಎಂಬ ಅರ್ಥದ್ದು. ಅದರ ಹಿಂದೆ ಆತನ ಸ್ವಂತ ನೋವಿತ್ತು. ಅಗಸ್ಟಿನಿಯನ್ ಮಠದಲ್ಲಿದ್ದಾಗ ಆತ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ. ಮುಗಿಸಿ ಹೊರಬಂದರೆ ಯಾವುದೋ ಒಂದು ಮರೆತೆನೆಂಬ ಭಯ, ಪಶ್ಚಾತ್ತಾಪ ಸಾಲದಾಯಿತೆಂಬ ಅಳುಕು. ಆತನ ಮೇಲಧಿಕಾರಿ ಸ್ಟೌಪಿಟ್ಜ್, ನಿನ್ನ ಪಾಪಗಳನ್ನು ಬಿಟ್ಟು ಕ್ರಿಸ್ತನ ಗಾಯಗಳನ್ನು ನೋಡು ಎಂದು ಸಮಾಧಾನ ಹೇಳುತ್ತಿದ್ದ. ಎಲ್ಲವನ್ನೂ ಎಣಿಸಿ ಹೇಳುವುದು ಮನುಷ್ಯನಿಂದ ಆಗದ ಕೆಲಸ, ಕ್ಷಮೆ ನಿಲ್ಲುವುದು ಎಣಿಕೆಯ ಮೇಲಲ್ಲ, ದೇವರ ಮಾತನ್ನು ನಂಬುವುದರ ಮೇಲೆ ಎಂಬ ನಿಲುವಿಗೆ ಲೂಥರ್ ಬಂದ.

ಆತ ಪಾಪನಿವೇದನೆಯನ್ನು ತೆಗೆದುಹಾಕಿದನೆಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಕಡ್ಡಾಯವನ್ನೂ ಪಟ್ಟಿ ಒಪ್ಪಿಸುವುದನ್ನೂ ತೆಗೆದ, ಆಚರಣೆಯನ್ನು ಉಳಿಸಿದ. 1530ರ ಆಗ್ಸ್‌ಬರ್ಗ್ ಒಪ್ಪಿಗೆಯ 11ನೆಯ ಲೇಖನ ಖಾಸಗಿ ವಿಮೋಚನೆಯನ್ನು ಸಭೆಗಳಲ್ಲಿ ಉಳಿಸಬೇಕು, ಆದರೆ ಪಾಪಗಳನ್ನೆಲ್ಲ ಎಣಿಸುವ ಅಗತ್ಯವಿಲ್ಲ ಎನ್ನುತ್ತದೆ. ಇನ್ನೊಬ್ಬನ ಬಾಯಿಂದ ನಿನಗೆ ಕ್ಷಮೆಯಾಗಿದೆ ಎಂದು ಕೇಳಿಸಿಕೊಳ್ಳುವುದು ಲೂಥರನಿಗೆ ಬಹಳ ಬೇಕಾಗಿತ್ತು. ತನಗೆ ತಾನೇ ಹೇಳಿಕೊಂಡದ್ದನ್ನು ಮನಸ್ಸು ನಂಬುವುದಿಲ್ಲ ಎಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು.

ಇದೇ ಸಂಕಟವನ್ನು ಎದುರು ಪಾಳೆಯದಲ್ಲೂ ಕಾಣಬಹುದು. 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಇಗ್ನೇಷಿಯಸ್ ಲೊಯೊಲ ಹೇಳಿದ ಪಾಪಗಳನ್ನೇ ಮತ್ತೆಮತ್ತೆ ಹೇಳಿ ನೆಮ್ಮದಿ ಕಾಣದೆ, ಸಾಯುವ ಯೋಚನೆಯವರೆಗೂ ಹೋದ. ಹಳೆಯ ಪಾಪಗಳನ್ನು ಇನ್ನು ಹೇಳುವುದಿಲ್ಲ ಎಂದು ಗಟ್ಟಿಮಾಡಿಕೊಂಡ ಮೇಲೆ ಪಾರಾದ. ಯೇಸುಸಭೆಯನ್ನು ಕಟ್ಟಿದ ಈ ವ್ಯಕ್ತಿಯೂ ಲೂಥರನೂ ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಹಳ್ಳಕ್ಕೆ ಬಿದ್ದು ಬೇರೆಬೇರೆ ದಡಕ್ಕೆ ಏರಿದರು. ಅತಿಶಂಕೆಯೆಂಬ ಈ ರೋಗ ಕಥೋಲಿಕ ಗುರುಗಳಿಗೆ ಚೆನ್ನಾಗಿ ಪರಿಚಿತ. ಅದಕ್ಕೆ ಮದ್ದು ಬರೆದವರಲ್ಲಿ ಮುಖ್ಯನಾದ ಅಲ್ಫೋನ್ಸಸ್ ಲಿಗೋರಿ (1696–1787), ಅಂಥವನು ತನ್ನ ಮನಸ್ಸಿನ ತೀರ್ಪನ್ನು ಬದಿಗಿಟ್ಟು ಗುರುವಿನ ಮಾತನ್ನು ಪಾಲಿಸಬೇಕೆಂದ. ಆತನೂ ಈ ರೋಗದಿಂದ ನರಳಿದವನೇ.

ಕಥೋಲಿಕ ವಿಧಿ

ಪ್ರಾಟೆಸ್ಟಂಟರಿಗೆ ಉತ್ತರವಾಗಿ ಕಥೋಲಿಕರು ನಡೆಸಿದ ಟ್ರೆಂಟ್ ಪರಿಷತ್ತು 1551ರ ನವೆಂಬರ್ 25ರ ಅಧಿವೇಶನದಲ್ಲಿ ಸಂಸ್ಕಾರವನ್ನು ಸಮರ್ಥಿಸಿತು: ಮಾರಕವೆನಿಸಿದ ಗಂಭೀರ ಪಾಪಗಳನ್ನು ಬಗೆ ಮತ್ತು ಸಂಖ್ಯೆ ಸಹಿತ ಹೇಳಬೇಕು, ಗುರುವಿನ ವಿಮೋಚನೆ ಬರಿಯ ಘೋಷಣೆಯಲ್ಲ, ನ್ಯಾಯಾಧೀಶನ ತೀರ್ಪಿನಂಥದು. ಗುರುವಿಗೂ ನಿವೇದಿಸುವವರಿಗೂ ನಡುವೆ ಜಾಲರಿಯಿರುವ ಮರದ ಪೀಠವನ್ನು ಮಿಲಾನಿನ ಮಹಾಧರ್ಮಾಧ್ಯಕ್ಷ ಚಾರ್ಲ್ಸ್ ಬೊರೊಮಿಯೊ ಅದೇ ಶತಮಾನದ ಉತ್ತರಾರ್ಧದಲ್ಲಿ ರೂಢಿಗೆ ತಂದ. ಮುಖ ಮರೆಸಿ ಸಂಕೋಚ ತಗ್ಗಿಸಲೆಂದು ಅದನ್ನು ಮಾಡಿದ್ದೆಂದು ಇಂದು ಅನಿಸುತ್ತದೆ. ಹೆಂಗಸರ ಮೇಲೆ ಗುರುಗಳ ಕೈ ಬೀಳದಂತೆ, ಎಲ್ಲರ ಕಣ್ಣೆದುರೇ ನಡೆಯುವಂತೆ ನೋಡಿಕೊಳ್ಳುವುದೂ ಉದ್ದೇಶವಾಗಿತ್ತು.

19ನೆಯ ಶತಮಾನದಲ್ಲಿ ಫ್ರಾನ್ಸಿನ ಆರ್ಸ್ ಎಂಬ ಕುಗ್ರಾಮದ ಗುರು ಜಾನ್ ವಿಯಾನಿ (1786–1859) ದಿನದ ಹೆಚ್ಚಿನ ಹೊತ್ತನ್ನು ಈ ಪೀಠದಲ್ಲೇ ಕಳೆದ. ದೇಶದ ಮೂಲೆಮೂಲೆಯಿಂದ ಜನ ಬಂದು ಸರದಿಗಾಗಿ ದಿನಗಟ್ಟಲೆ ಕಾಯುತ್ತಿದ್ದರು. 1910ರಲ್ಲಿ ಪೋಪ್ 10ನೆಯ ಪಿಯುಸ್ ಸುಮಾರು ಏಳು ವರ್ಷದ ಮಕ್ಕಳಿಗೇ ಪರಮಪ್ರಸಾದ ಕೊಡಬೇಕೆಂದದ್ದರಿಂದ ಮೊದಲ ಪಾಪನಿವೇದನೆಯೂ ಬಾಲ್ಯಕ್ಕೆ ಸರಿಯಿತು.

ಎರಡನೆಯ ವ್ಯಾಟಿಕನ್ ಪರಿಷತ್ತಿನ ನಂತರ, 1973ರ ಡಿಸೆಂಬರ್ 2ರ ಆದೇಶದಿಂದ ವಿಧಿ ಹೊಸದಾಯಿತು. ಅದರಲ್ಲಿ ಮೂರು ರೂಪಗಳಿವೆ. ಒಬ್ಬೊಬ್ಬರೇ ಬಂದು ಹೇಳುವುದು ಒಂದು. ಎಲ್ಲರೂ ಸೇರಿ ಪ್ರಾರ್ಥಿಸಿ, ಹೇಳುವುದನ್ನು ಮಾತ್ರ ಬೇರೆಬೇರೆಯಾಗಿ ಹೇಳುವುದು ಇನ್ನೊಂದು. ಪ್ರಾಣಾಪಾಯದಂಥ ಸಂದರ್ಭದಲ್ಲಿ ಎಲ್ಲರಿಗೂ ಒಟ್ಟಿಗೆ ವಿಮೋಚನೆ ಮೂರನೆಯದು. ಮೂರನೆಯದನ್ನು ಪಡೆದವರು ಬದುಕಿ ಉಳಿದರೆ ಗಂಭೀರ ಪಾಪಗಳನ್ನು ಮುಂದೆ ಖುದ್ದಾಗಿ ಹೇಳಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಹಬ್ಬಿದಾಗ ವ್ಯಾಟಿಕನ್ನಿನ ಪ್ರಾಯಶ್ಚಿತ್ತ ನ್ಯಾಯಾಲಯ ಈ ಮೂರನೆಯ ರೂಪವನ್ನು ನೆನಪಿಸಿ ಪ್ರಕಟಣೆ ಹೊರಡಿಸಿತ್ತು.

ರೂಢಿಯಲ್ಲಿ ನಡೆಯುವುದು ಸರಳ. ಆತ್ಮಶೋಧನೆ ಮಾಡಿಕೊಂಡು ಬಂದವರು ಶಿಲುಬೆಯ ಗುರುತು ಹಾಕಿ, ಕಳೆದ ಸಲ ಬಂದು ಎಷ್ಟು ಕಾಲವಾಯಿತೆಂದು ಹೇಳಿ, ಪಾಪಗಳನ್ನು ಹೇಳುತ್ತಾರೆ. ಸ್ಟೋಲ್ ಎಂಬ ನೇರಳೆ ಬಣ್ಣದ ಕೊರಳಪಟ್ಟಿ ಹಾಕಿಕೊಂಡ ಗುರುಗಳು ಎರಡು ಬುದ್ಧಿಮಾತು ಹೇಳಿ, ಪ್ರಾಯಶ್ಚಿತ್ತಕ್ಕೆ ಕೆಲವು ನಮೋ ಮರಿಯೆ ಜಪವನ್ನೋ ಯಾವುದಾದರೂ ಉಪಕಾರದ ಕೆಲಸವನ್ನೋ ವಿಧಿಸುತ್ತಾರೆ. ಪಶ್ಚಾತ್ತಾಪದ ಪ್ರಾರ್ಥನೆಯ ನಂತರ ವಿಮೋಚನೆಯ ಮಾತು. ಹೆಚ್ಚೆಂದರೆ ಐದು ಹತ್ತು ನಿಮಿಷ. ಇಲ್ಲಿ ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ, ಕೊಲೆಯಾದರೂ ಸರಿ; ನೇರವಾಗಿ ಮುದ್ರೆ ಮುರಿದವರು ಆ ಕ್ಷಣವೇ ಬಹಿಷ್ಕೃತರು, ಅದನ್ನು ತೆಗೆಯುವ ಅಧಿಕಾರ ರೋಮಿಗೆ ಮಾತ್ರ. ಆಲ್ಫ್ರೆಡ್ ಹಿಚ್‌ಕಾಕ್ 1953ರ ಐ ಕನ್ಫೆಸ್ ಚಿತ್ರವನ್ನು ಕಟ್ಟಿದ್ದು ಈ ನಿಯಮದ ಮೇಲೆ. ರಾಣಿಯ ಗುಟ್ಟು ಬಿಡದೆ 1393ರಲ್ಲಿ ಪ್ರಾಗಿನ ಹೊಳೆಗೆ ಎಸೆಯಲ್ಪಟ್ಟನೆಂದು ಹೇಳುವ ಸಂತ ನೆಪೊಮುಕನ ಕತೆಯನ್ನು ಇತಿಹಾಸಕಾರರು ಹಾಗೆಯೇ ಒಪ್ಪುವುದಿಲ್ಲ. ಮಠಾಧಿಪತಿಯ ನೇಮಕದ ಜಗಳದಲ್ಲಿ ಆತ ಸತ್ತದ್ದು ಹೆಚ್ಚು ನಂಬತಕ್ಕದ್ದು.

ಪೂರ್ವದ ಸಭೆಗಳು

ಆರ್ಥಡಾಕ್ಸ್ ಸಭೆಗಳಲ್ಲಿ ಪೀಠವೂ ಜಾಲರಿಯೂ ಇಲ್ಲ. ಸುವಾರ್ತೆಯ ಗ್ರಂಥ, ಶಿಲುಬೆ ಇಟ್ಟ ಮೇಜಿನ ಮುಂದೆ ನಿವೇದಿಸುವವನು ಕ್ರಿಸ್ತನ ಚಿತ್ರದ ಕಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಗುರು ಪಕ್ಕದಲ್ಲಿ ಸಾಕ್ಷಿಯಾಗಿ ನಿಂತಿರುತ್ತಾನೆ. ಮುಗಿದ ಮೇಲೆ ಗುರು ತನ್ನ ಕೊರಳಪಟ್ಟಿಯನ್ನು ಆತನ ತಲೆಗೆ ಹೊದಿಸಿ ಪ್ರಾರ್ಥಿಸುತ್ತಾನೆ. ಗ್ರೀಕರ ಪ್ರಾರ್ಥನೆ ದೇವರು ನಿನ್ನನ್ನು ಕ್ಷಮಿಸಲಿ ಎಂಬ ಧಾಟಿಯದು. ನಾನು ಕ್ಷಮಿಸುತ್ತೇನೆ ಎಂಬ ಪಶ್ಚಿಮದ ಧಾಟಿ ರಷ್ಯನ್ನರಲ್ಲಿ ಸೇರಿದ್ದು 17ನೆಯ ಶತಮಾನದಲ್ಲಿ, ಕೀವಿನ ಪೀಟರ್ ಮೊಹಿಲನ ಪ್ರಭಾವದಿಂದ. ಇಲ್ಲಿ ಪಾಪ ಅಪರಾಧಕ್ಕಿಂತ ರೋಗ, ಕ್ಷಮೆ ತೀರ್ಪಿಗಿಂತ ಚಿಕಿತ್ಸೆ. ಮಹಾ ಉಪವಾಸ ಶುರುವಾಗುವ ಮುಂಚಿನ ಕ್ಷಮೆಯ ಭಾನುವಾರ ಸಂಜೆ ಗುರುವೂ ಜನರೂ ಸಾಲಾಗಿ ನಿಂತು ಒಬ್ಬರಿಗೊಬ್ಬರು ಬಾಗಿ ಕ್ಷಮೆ ಕೇಳುತ್ತಾರೆ. ಇಥಿಯೋಪಿಯದಲ್ಲಿ ಮನೆಮನೆಗೂ ಒಬ್ಬ ಆತ್ಮಪಿತನಿರುವ ರೂಢಿಯಿದೆ. ಗುರುವಿಗೆ ಹೇಳುವ ಈ ರೂಢಿಗಳು ಖಾಸಗಿ; ಆದರೆ ರಷ್ಯದ ಕ್ರೋನ್‌ಸ್ಟಾಟಿನ ಜಾನ್ (1829–1908) ಬಳಿಗೆ ಬರುತ್ತಿದ್ದ ಗುಂಪು ಒಬ್ಬೊಬ್ಬರಾಗಿ ಕೇಳಲಾಗದಷ್ಟು ದೊಡ್ಡದು. ಜನ ಗುಡಿಯಲ್ಲೇ ತಮ್ಮ ತಪ್ಪುಗಳನ್ನು ಕೂಗಿ ಹೇಳಿಕೊಳ್ಳುತ್ತಿದ್ದರು.

ಪ್ರಾಟೆಸ್ಟಂಟ್ ಸಭೆಗಳು

1552ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕ ಬೆಳಗಿನ ಪ್ರಾರ್ಥನೆಯ ಆರಂಭಕ್ಕೆ ಎಲ್ಲರೂ ಸೇರಿ ಹೇಳುವ ಪಾಪದ ಅರಿಕೆಯನ್ನು ಸೇರಿಸಿತು. ಮನಸ್ಸು ನೆಮ್ಮದಿ ಕಾಣದವರು ಪಾದ್ರಿಗಳ ಬಳಿ ಖಾಸಗಿಯಾಗಿಯೂ ಹೇಳಿಕೊಳ್ಳಬಹುದೆಂಬ ಬಾಗಿಲನ್ನು ಮುಚ್ಚಲಿಲ್ಲ. ಕ್ಯಾಲ್ವಿನನ ಸಭೆಗಳಲ್ಲಿ ಒಟ್ಟು ಅರಿಕೆಯ ಜೊತೆಗೆ ಹಿರಿಯರ ಮಂಡಳಿಯ ಶಿಸ್ತು ಬೆಳೆಯಿತು.

ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ತನ್ನ ಪಾಪಗಳು ತೊಲಗಿದವೆಂಬ ಭರವಸೆ ಎದೆಯಲ್ಲಿ ಮೂಡಿತೆಂದು ದಿನಚರಿಯಲ್ಲಿ ಬರೆದುಕೊಂಡ. ಗುರುವಿನ ಮಾತಲ್ಲ, ಒಳಗಿನ ಈ ಸಾಕ್ಷಿಯೇ ಕ್ಷಮೆಯ ಗುರುತು ಎಂಬುದು ಮೆಥೊಡಿಸ್ಟರ ಕೊಡುಗೆ. ಅದೇ ವರ್ಷದ ಡಿಸೆಂಬರ್ 25ರ ತಾರೀಖಿನ ನಿಯಮಗಳಲ್ಲಿ ಆತ ಸಣ್ಣ ಗುಂಪುಗಳಿಗೆ ಕಟ್ಟಳೆ ಹಾಕಿದ. ವಾರಕ್ಕೊಮ್ಮೆ ಸೇರಿ ಒಬ್ಬರಿಗೊಬ್ಬರು ತಪ್ಪು ಹೇಳಿಕೊಳ್ಳಬೇಕು. ಪೂರ್ವ ಆಫ್ರಿಕದಲ್ಲಿ 1930ರ ದಶಕದಲ್ಲಿ ರುವಾಂಡದ ಗಹಿನಿಯಿಂದ ಹಬ್ಬಿದ ಉಜ್ಜೀವನದಲ್ಲಿ ಸಭೆಯ ನಡುವೆ ಎದ್ದುನಿಂತು ಕದ್ದದ್ದು, ಹಗೆ ಸಾಧಿಸಿದ್ದು ಹೇಳುವುದೇ ಮುಖ್ಯ ಲಕ್ಷಣವಾಯಿತು. ಒಳಗಿನ ಸಾಕ್ಷಿಯನ್ನು ನೆಚ್ಚಿಕೊಂಡವರಿಗೆ ಆ ಭಾವನೆ ಬತ್ತಿದ ದಿನ ಏನು ಗತಿ ಎಂಬ ಪ್ರಶ್ನೆ ಉಳಿಯುತ್ತದೆ. ಜರ್ಮನ್ ದೇವಶಾಸ್ತ್ರಜ್ಞ ಡೀಟ್ರಿಚ್ ಬೊನ್‌ಹೋಫರ್ 1939ರಲ್ಲಿ ಪ್ರಕಟಿಸಿದ ಸಹಜೀವನದ ಕುರಿತ ಪುಸ್ತಕದಲ್ಲಿ ಲೂಥರನ ಕಡೆಗೆ ತಿರುಗಿದ್ದಾನೆ: ಪವಿತ್ರನಾದ ದೇವರಿಗೆ ಹೇಳುವುದು ಸುಲಭವೆನಿಸಿ, ತನ್ನಂತೆಯೇ ಪಾಪಿಯಾದ ಸಹೋದರನಿಗೆ ಹೇಳುವುದು ಕಷ್ಟವೆನಿಸಿದರೆ, ತನ್ನನ್ನು ತಾನೇ ಕ್ಷಮಿಸಿಕೊಳ್ಳುತ್ತಿದ್ದೇನೆಯೇ ಎಂದು ಅನುಮಾನಿಸಬೇಕು ಎಂಬುದು ಆತನ ವಾದ.

ಭಾರತ ಮತ್ತು ಕರ್ನಾಟಕ

ಕೇರಳದ ಸಂತ ತೋಮರ ಕ್ರೈಸ್ತರ ಮೇಲೆ ಲ್ಯಾಟಿನ್ ಮಾದರಿಯ ವಾರ್ಷಿಕ ಪಾಪನಿವೇದನೆಯನ್ನು ಹೇರಿದ್ದು 1599ರ ಜೂನ್‌ನಲ್ಲಿ ಗೋವದ ಮಹಾಧರ್ಮಾಧ್ಯಕ್ಷ ಮೆನೆಜಿಸ್ ಉದಯಂಪೇರೂರಿನಲ್ಲಿ ನಡೆಸಿದ ಸಭೆ. ಮೈಸೂರು ಸೀಮೆಯಲ್ಲಿ, ಬಿದ್ದವರನ್ನು ಮತ್ತೆ ಸೇರಿಸಿಕೊಳ್ಳುವುದು ಹೇಗೆಂಬ ಕಾರ್ಥೇಜಿನ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಯಿತು. ಟಿಪ್ಪುವಿನ ಆಳ್ವಿಕೆಯಲ್ಲಿ ಬಲವಂತದಿಂದ ಮತಾಂತರಗೊಂಡಿದ್ದ ಕ್ರೈಸ್ತರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮರಳಲು ಬಯಸಿದಾಗ, ಅವರನ್ನು ಮತ್ತೆ ಧರ್ಮಸಭೆಗೆ ಕೂಡಿಸಿಕೊಳ್ಳುವ ಕೆಲಸ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿಸ್ ಪಾಲಿಗೆ ಬಂತು. ಹಿಂದೂಗಳ ರೀತಿನೀತಿಗಳ ಕುರಿತ ಗ್ರಂಥದಿಂದ ಕನ್ನಡಿಗರಿಗೆ ಪರಿಚಿತನಾದವನು ಇವನೇ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಪಾಪನಿವೇದನೆಯ ಪೀಠವಿರಲಿಲ್ಲ, ಶಿಸ್ತು ಬಿಗಿಯಾಗಿತ್ತು. ಕುಡಿತ, ವ್ಯಭಿಚಾರ, ಹಳೆಯ ಆಚರಣೆಗಳಿಗೆ ಮರಳುವುದು ಇವುಗಳಿಗೆ ಕರ್ತನ ರಾತ್ರಿ ಭೋಜನದಿಂದ ಹೊರಗಿಡುವ ಶಿಕ್ಷೆ, ತಪ್ಪೊಪ್ಪಿಕೊಂಡವರನ್ನು ಸೇರಿಸಿಕೊಳ್ಳುತ್ತಿದ್ದರು. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ದಕ್ಷಿಣ ಭಾರತ ಸಭೆಯ ಆರಾಧನಾ ಕ್ರಮದಲ್ಲಿ ಅರಿಕೆಯೂ ವಿಮೋಚನೆಯೂ ಆರಂಭದಲ್ಲೇ ಬರುತ್ತವೆ. ಭೋಜನಕ್ಕೆ ಮುಂಚೆ ಕೈಗೆ ಕೈ ಸೇರಿಸಿ ಸಮಾಧಾನ ಹಂಚುವ ರೂಢಿಯನ್ನು ಅದು ಸಿರಿಯನ್ ಸಂಪ್ರದಾಯದಿಂದ ಪಡೆಯಿತು.

ಕಥೋಲಿಕ ಧರ್ಮಕೇಂದ್ರಗಳಲ್ಲಿ ಕ್ರಿಸ್ಮಸ್ ಮತ್ತು ಪಾಸ್ಖ ಹಬ್ಬಗಳ ಮುಂಚಿನ ವಾರಗಳಲ್ಲಿ ಸಾಲು ಉದ್ದ. ನೆರೆಯ ಊರಿನ ಗುರುಗಳನ್ನು ಕರೆಸುವುದು ವಾಡಿಕೆ, ಕೆಲಸ ಹಂಚಿಕೊಳ್ಳಲೂ ಹೌದು, ದಿನಾ ಮುಖ ನೋಡುವ ಗುರುಗಳಿಗೆ ಹೇಳಲು ಹಿಂಜರಿಯುವವರಿಗೆ ಅನುಕೂಲವಾಗಲೂ ಹೌದು. ಬೆಂಗಳೂರಿನಲ್ಲಿ ಭಾಷೆಯೂ ಮುಖ್ಯ. ಕನ್ನಡ, ತಮಿಳು, ಕೊಂಕಣಿ, ಮಲಯಾಳಂ, ಇಂಗ್ಲಿಷ್ ಬಲ್ಲ ಗುರುಗಳು ಬೇಕಾಗುತ್ತಾರೆ. ಆರಾಧನೆಯನ್ನು ಪರಭಾಷೆಯಲ್ಲಿ ಹಾಡಬಹುದು, ತಪ್ಪನ್ನು ತಾಯ್ನುಡಿಯಲ್ಲೇ ಹೇಳಬೇಕು.

ಟೀಕೆ, ವಿವಾದ

ಏಕಾಂತದಲ್ಲಿ ಒಬ್ಬನ ಗುಟ್ಟು ಇನ್ನೊಬ್ಬನ ಕೈಸೇರುವ ಕಡೆ ದುರುಪಯೋಗದ ಅಪಾಯ ಇದ್ದೇ ಇದೆ. 2018ರಲ್ಲಿ ಕೇರಳದ ಕೆಲವು ಪಾದ್ರಿಗಳು ಪಾಪನಿವೇದನೆಯಲ್ಲಿ ತಿಳಿದದ್ದನ್ನು ಹಿಡಿದು ಮಹಿಳೆಯೊಬ್ಬರನ್ನು ಶೋಷಿಸಿದರೆಂಬ ಆರೋಪ ಬಂದಾಗ, ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತಿಯನ್ನೇ ರದ್ದುಮಾಡಲು ಶಿಫಾರಸು ಮಾಡಿತು. ಸಭೆಗಳು ಒಂದಾಗಿ ಇದನ್ನು ವಿರೋಧಿಸಿದವು. ಆಸ್ಟ್ರೇಲಿಯದಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕುರಿತ ರಾಯಲ್ ಕಮಿಷನ್ 2017ರ ವರದಿಯಲ್ಲಿ, ಇಂಥ ಅಪರಾಧ ಪಾಪನಿವೇದನೆಯಲ್ಲಿ ತಿಳಿದರೂ ಪೊಲೀಸರಿಗೆ ಹೇಳಲೇಬೇಕೆಂದಿತು. ವಿಕ್ಟೋರಿಯ, ಕ್ವೀನ್ಸ್‌ಲ್ಯಾಂಡ್ ಮುಂತಾದ ರಾಜ್ಯಗಳು ಹಾಗೆಯೇ ಕಾನೂನು ಮಾಡಿದವು. ಮುದ್ರೆ ಮುರಿಯಲು ಧರ್ಮಸಭೆ ಒಪ್ಪಿಲ್ಲ. ಮುದ್ರೆ ಹೋದರೆ ಅಪರಾಧಿ ಬರುವುದೇ ಇಲ್ಲ, ಶರಣಾಗೆಂದು ಬುದ್ಧಿ ಹೇಳುವ ಅವಕಾಶವೂ ತಪ್ಪುತ್ತದೆ ಎಂಬುದು ಅದರ ವಾದ. ದೌರ್ಜನ್ಯಕ್ಕೊಳಗಾದವರ ಕಡೆಯಿಂದ ನೋಡಿದರೆ, ಅಪರಾಧಿಗೆ ಪದೇಪದೇ ಸಿಕ್ಕ ಆ ಕ್ಷಮೆ ಯಾರ ಲೆಕ್ಕದಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ.

ಸಾಮೂಹಿಕ ಪಾಪಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಚೂಪು. ಜರ್ಮನಿಯ ಪ್ರಾಟೆಸ್ಟಂಟ್ ಮುಖಂಡರು 1945ರ ಅಕ್ಟೋಬರ್ 19ರಂದು ಸ್ಟುಟ್‌ಗಾರ್ಟಿನಲ್ಲಿ ತಪ್ಪೊಪ್ಪಿಗೆ ಹೊರಡಿಸಿದರು. ಅದರಲ್ಲಿ ಯೆಹೂದ್ಯರ ಹೆಸರೇ ಇರಲಿಲ್ಲ. 2000ದ ಮಾರ್ಚ್ 12ರಂದು ಪೋಪ್ 2ನೆಯ ಜಾನ್ ಪಾಲ್ ಧರ್ಮಸಭೆಯ ಮಕ್ಕಳು ಇತಿಹಾಸದಲ್ಲಿ ಮಾಡಿದ ತಪ್ಪುಗಳಿಗೆ ದೇವರ ಕ್ಷಮೆ ಬೇಡಿದರು. 2019ರ ಸೆಪ್ಟೆಂಬರ್‌ನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಜಲಿಯನ್‌ವಾಲಾ ಬಾಗಿನ ನೆಲದ ಮೇಲೆ ಉದ್ದಕ್ಕೆ ಮಲಗಿ ನಮಸ್ಕರಿಸಿದರು. ಬ್ರಿಟಿಷ್ ಸರ್ಕಾರದ ಪರವಾಗಿ ತಾನು ಮಾತಾಡಲಾರೆ, ಆದರೆ ತನಗೆ ನಾಚಿಕೆಯಾಗಿದೆ ಎಂದು ಅವರು ಹೇಳಿದರು.

ದಕ್ಷಿಣ ಆಫ್ರಿಕದ ರುಸ್ಟೆನ್‌ಬರ್ಗಿನಲ್ಲಿ 1990ರ ನವೆಂಬರ್‌ನಲ್ಲಿ ಸಭೆಗಳ ಸಮ್ಮೇಳನ ನಡೆದಾಗ, ವರ್ಣಭೇದ ನೀತಿಯನ್ನು ಬೈಬಲಿನ ಆಧಾರದಿಂದ ಸಮರ್ಥಿಸಿಕೊಂಡು ಬಂದಿದ್ದ ಬಿಳಿಯರ ಡಚ್ ರಿಫಾರ್ಮ್ಡ್ ಸಭೆಯ ದೇವಶಾಸ್ತ್ರಜ್ಞ ವಿಲ್ಲಿ ಯೋಂಕರ್ ಎದ್ದು, ತನ್ನ ಪರವಾಗಿಯೂ ತನ್ನ ಸಭೆಯ ಪರವಾಗಿಯೂ ತಪ್ಪನ್ನು ಒಪ್ಪಿಕೊಂಡರು. ಕಪ್ಪು ಜನರ ಮುಖಂಡರಲ್ಲೊಬ್ಬರಾದ ಆಂಗ್ಲಿಕನ್ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಎದ್ದು ಕ್ಷಮಿಸಿದ್ದೇವೆ ಎಂದರು. ಕೇಳಿದವರಿಗೆ ಇಲ್ಲವೆನ್ನಲು ಕ್ರೈಸ್ತನಾದ ತನಗೆ ದಾರಿಯಿಲ್ಲ ಎಂಬುದು ಅವರ ನಿಲುವು. ಬಂದಿದ್ದ ಕಪ್ಪು ಪ್ರತಿನಿಧಿಗಳಲ್ಲಿ ಕೆಲವರು ಸಿಟ್ಟಾದರು. ನಮ್ಮನ್ನು ಕೇಳದೆ ನಮ್ಮೆಲ್ಲರ ಪರವಾಗಿ ಕ್ಷಮೆ ಕೊಡಲು ಟುಟು ಯಾರು, ಕಿತ್ತುಕೊಂಡ ಭೂಮಿಯ ಮಾತೇ ಬರಲಿಲ್ಲವಲ್ಲ ಎಂಬ ಧಾಟಿಯ ಆಕ್ಷೇಪಗಳೆದ್ದವು. ಡಚ್ ರಿಫಾರ್ಮ್ಡ್ ನಿಯೋಗ ಯೋಂಕರರ ಮಾತು ತಮ್ಮದೂ ಹೌದೆಂದು ಒಪ್ಪಿಕೊಂಡಿತು. ಊರಿಗೆ ಮರಳಿದ ಮೇಲೆ ಆ ಸಭೆಯ ಎಷ್ಟೋ ಮಂದಿ ಬಿಳಿಯರು, ತಮ್ಮ ಹೆಸರಿನಲ್ಲಿ ಪಾಪ ಒಪ್ಪಿಕೊಳ್ಳಲು ಇವರಿಗೆ ಅಧಿಕಾರ ಕೊಟ್ಟವರು ಯಾರೆಂದು ತಿರುಗಿಬಿದ್ದರು.